ಬಾಗಲಕೋಟೆಯ ಪಿನ್‌ಕೋಡ್ ಒಡೆಯುವುದಿಲ್ಲ: ಅಂಗಡಿ ಕ್ಯಾಲ್ಕುಲೇಟರಿನಲ್ಲಿ ದೊಡ್ಡ ಅವಿಭಾಜ್ಯ ಸಂಖ್ಯೆಯ ಪರೀಕ್ಷೆ

ಬಾಗಲಕೋಟೆಯ ನವನಗರದಲ್ಲಿ ವಿಳಾಸ ಬರೆಯುವುದೇ ಒಂದು ಲೆಕ್ಕ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಒಂದು ಭಾಗ ಹೋದ ಮೇಲೆ ಕಟ್ಟಿದ ಊರು ಇದು. ಸೆಕ್ಟರ್ ನಂಬರ್, ಪ್ಲಾಟ್ ನಂಬರ್, ಕೊನೆಗೆ ಪಿನ್‌ಕೋಡ್. ಒಂದು ಭಾನುವಾರ ಹಳೇ ಊರಿನ ನೆಂಟರಿಗೆ ಪಾರ್ಸೆಲ್ ಕಟ್ಟಿ, ಅದರ ಮೇಲೆ 587101 ಎಂದು ಬರೆದೆ. ಪಕ್ಕದಲ್ಲಿ ಅಣ್ಣನ ಮಗಳು ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದಳು. ಎಂಟನೇ ಕ್ಲಾಸು. ಕಂಡ ಕಂಡ ಸಂಖ್ಯೆಯನ್ನೆಲ್ಲ ಭಾಗಿಸಿ ನೋಡುವ ಹುಚ್ಚು ಆಗ ಜೋರಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ, "ಕಾಕಾ, ಇದು ಯಾವುದ್ರಿಂದನೂ ಭಾಗ ಹೋಗವಲ್ದು ನೋಡ್ರಿ" ಎಂದಳು.

"ಇನ್ನೂ ನೋಡವಾ, ಎಲ್ಲೋ ಹೋಗ್ತದ" ಎಂದೆ. ಅವಳು 31ರವರೆಗೆ ನೋಡಿ, ಬೇಸರ ಬಂದು, ಗಿರ್ಮಿಟ್ ತಿನ್ನಲು ಎದ್ದು ಹೋದಳು. ನಾನು ಅಲ್ಲೇ ಉಳಿದೆ. ರಾತ್ರಿ ಊಟದ ಹೊತ್ತಿಗೆ ಗೊತ್ತಾಯಿತು: ಅದು ಎಲ್ಲೂ ಹೋಗುವುದಿಲ್ಲ. 587101 ಒಂದು ಅವಿಭಾಜ್ಯ ಸಂಖ್ಯೆ. 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆ.

ಆರು ಅಂಕಿ ದೊಡ್ಡದಾ ಅಂತ ಕಂಪ್ಯೂಟರ್ ಓದಿದವರು ನಗಬಹುದು. ಕೈಯಲ್ಲಿ ಮಾಡುವವರಿಗೆ ದೊಡ್ಡದೇ. ಇದಕ್ಕಿಂತ ದೊಡ್ಡದನ್ನು ಕಾಗದದ ಮೇಲೆ ಹಿಡಿಯುವುದು ಕಷ್ಟ. ಚಿಕ್ಕದಾದರೆ ಈ ಸಂಖ್ಯೆಗಳ ಗುಣ ಕಾಣುವುದಿಲ್ಲ. ಅದಕ್ಕೆ ಇದನ್ನೇ ಇಟ್ಟುಕೊಂಡು ಹೇಳುತ್ತೇನೆ. ಬೇಕಾದದ್ದು ಇಷ್ಟೇ: ಕಿರಾಣಿ ಅಂಗಡಿಯಲ್ಲಿರುವಂಥ 12 ಅಂಕಿಯ ಕ್ಯಾಲ್ಕುಲೇಟರ್, ಉದ್ದದ ನೋಟ್‌ಬುಕ್, ಒಂದು ಮಧ್ಯಾಹ್ನ.

ಹಂತ 1: ಮೊದಲು ಜರಡಿ ಹಿಡಿಯಿರಿ

ಎಲ್ಲ ಸಂಖ್ಯೆಗೂ ದೊಡ್ಡ ಪರೀಕ್ಷೆ ಬೇಕಿಲ್ಲ. ಹೆಚ್ಚಿನವು ಬಾಗಿಲಲ್ಲೇ ಬೀಳುತ್ತವೆ.

ಕೊನೆಯ ಅಂಕಿ 0, 2, 4, 5, 6, 8 ಇದ್ದರೆ ಮುಗಿಯಿತು. ಇಳಕಲ್‌ನ 587125 ಹೀಗೆ ಹೋಗುತ್ತದೆ, 5ರಿಂದ. ಆಮೇಲೆ ಅಂಕಿಗಳನ್ನು ಕೂಡಿಸಿ. ಮೊತ್ತ 3ರಿಂದ ಭಾಗ ಹೋದರೆ ಸಂಖ್ಯೆಯೂ ಹೋಗುತ್ತದೆ. ವಿಜಯಪುರದ 586101 ಕೂಡಿಸಿದರೆ 21. ಬೆಳಗಾವಿಯ 590001 ಕೂಡಿಸಿದರೆ 15. ಎರಡೂ ಔಟ್. ಜಮಖಂಡಿಯ 587301 ಸಹ ಔಟ್, ಮೊತ್ತ 24. ಮುಧೋಳದ 587313 ಕೂಡಿಸಿದರೆ 27, ಅಂದರೆ 9ರಿಂದಲೂ ಹೋಗುತ್ತದೆ. ನಮ್ಮ ನವನಗರದ 587103 ಕೂಡ 3ರಿಂದ ಹೋಯಿತು. ನನಗೆ ಸ್ವಲ್ಪ ಬೇಜಾರಾಯಿತು. ಹಳೇ ಊರಿನ 587101ಕ್ಕೆ ಮೊತ್ತ 22. ಉಳಿಯಿತು.

ಇನ್ನು 7, 11, 13. ಈ ಮೂರಕ್ಕೂ ಒಂದೇ ಏಟಿನ ಉಪಾಯ ಇದೆ. 7 × 11 × 13 = 1001. ಆದ್ದರಿಂದ ಸಂಖ್ಯೆಯನ್ನು ಮೂರು ಮೂರು ಅಂಕಿಯಾಗಿ ಕತ್ತರಿಸಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. 587ರಲ್ಲಿ 101 ಕಳೆದರೆ 486. ಈಗ 486 ಮಾತ್ರ ನೋಡಿದರೆ ಸಾಕು. 7ರಿಂದ ಭಾಗಿಸಿದರೆ 3 ಉಳಿಯುತ್ತದೆ, 11ರಿಂದ 2, 13ರಿಂದ 5. ಮೂರೂ ಹೋಗಲಿಲ್ಲ. ಬಾಯಿಲೆಕ್ಕದಲ್ಲೇ ಮೂರು ಪರೀಕ್ಷೆ ಮುಗಿಯಿತು.

ಹಂತ 2: ಎಲ್ಲಿ ನಿಲ್ಲಬೇಕು ಎಂದು ಗೊತ್ತು ಮಾಡಿಕೊಳ್ಳಿ

ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧ ಆಗಿದ್ದರೆ, ಆ ಎರಡರಲ್ಲಿ ಒಂದಾದರೂ ಅದರ ವರ್ಗಮೂಲವನ್ನು ದಾಟುವುದಿಲ್ಲ. ಎರಡೂ ದಾಟಿದರೆ ಗುಣಲಬ್ಧವೇ ದೊಡ್ಡದಾಗಿಬಿಡುತ್ತದೆ. 766ರ ವರ್ಗ 586756, 767ರ ವರ್ಗ 588289. ನಮ್ಮ ಸಂಖ್ಯೆ ಇವೆರಡರ ನಡುವೆ ಇದೆ. ಹಾಗಾಗಿ 766ಕ್ಕೆ ನಿಲ್ಲಬಹುದು.

ಅದರಲ್ಲೂ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿದರೆ ಸಾಕು. 3ರಿಂದ ಹೋಗದ್ದು 9ರಿಂದ ಹೋಗುವುದಿಲ್ಲ, ಅಲ್ವಾ? 766ರೊಳಗೆ 135 ಅವಿಭಾಜ್ಯಗಳಿವೆ. ಕೊನೆಯದು 761. ಪಟ್ಟಿ ಸಿಗದಿದ್ದರೆ ನೀವೇ ಮಾಡಿಕೊಳ್ಳಿ. 2ರಿಂದ 766ರವರೆಗೆ ಬರೆದು, 2ನ್ನು ಬಿಟ್ಟು ಅದರ ಮಗ್ಗಿಯನ್ನೆಲ್ಲ ಹೊಡೆದುಹಾಕಿ. ಆಮೇಲೆ 3ರ ಮಗ್ಗಿ, 5ರ ಮಗ್ಗಿ, ಹೀಗೆ 23ರವರೆಗೆ. ಉಳಿದವೆಲ್ಲ ಅವಿಭಾಜ್ಯ. ಇದು ಎರಟಾಸ್ತನೀಸ್ ಎಂಬ ಗ್ರೀಕ್ ವಿದ್ವಾಂಸನ ಹೆಸರಿನ ಜರಡಿ. ಎರಡು ಸಾವಿರ ವರ್ಷ ದಾಟಿದೆ, ಇನ್ನೂ ತೂತು ಬಿದ್ದಿಲ್ಲ.

ಹಂತ 3: ಭಾಗಿಸಿ, ಶೇಷ ಬರೆದಿಡಿ

ಆರು ಆಗಲೇ ಮುಗಿದಿವೆ. ಉಳಿದದ್ದು 129 ಭಾಗಾಕಾರ. ಒಂದಕ್ಕೆ ಅರ್ಧ ನಿಮಿಷ ಹಿಡಿದರೂ ಒಂದು ತಾಸಿನ ಮೇಲೆ ಸ್ವಲ್ಪ.

ಸಾದಾ ಕ್ಯಾಲ್ಕುಲೇಟರ್ ಶೇಷ ತೋರಿಸುವುದಿಲ್ಲ, ದಶಾಂಶ ತೋರಿಸುತ್ತದೆ. ಅದಕ್ಕೆ ಹೀಗೆ ಮಾಡಿ. 587101 ÷ 23 ಒತ್ತಿದರೆ 25526.13 ಅಂತ ಏನೋ ಬರುತ್ತದೆ. ಬಿಂದುವಿನ ಹಿಂದಿನ 25526 ಅನ್ನು 23ರಿಂದ ಗುಣಿಸಿ. 587098 ಬಂತು. 587101ರಲ್ಲಿ ಕಳೆದರೆ ಶೇಷ 3. ಇದನ್ನು ಬರೆದುಕೊಳ್ಳಿ. "ಹೋಗಲಿಲ್ಲ" ಅಂತಷ್ಟೇ ಟಿಕ್ ಹಾಕಿ ಮುಂದೆ ಹೋಗಬೇಡಿ. ಶೇಷದ ಪಟ್ಟಿ ಮುಂದೆ ದುಡ್ಡಿನಷ್ಟು ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಕೆಲವು ಮೋಜು ಸಿಗುತ್ತವೆ. 37ಕ್ಕೆ ಶೇಷ 22. 41ಕ್ಕೂ 22. 43ಕ್ಕೂ 22. ಕ್ಯಾಲ್ಕುಲೇಟರ್ ಕೆಟ್ಟಿತು ಅಂದುಕೊಂಡೆ. ಸೆಲ್ ತೆಗೆದು ಮತ್ತೆ ಹಾಕಿದೆ. ಆಮೇಲೆ ಹೊಳೆಯಿತು: 587101ರಲ್ಲಿ 22 ಕಳೆದರೆ 587079. ಅದು ಸರಿಯಾಗಿ 9 × 37 × 41 × 43. ಕ್ಯಾಲ್ಕುಲೇಟರ್ ಪಾಪ, ಸರಿಯಾಗೇ ಇತ್ತು.

ಇನ್ನೊಂದು, 373. ಅದನ್ನು 1574ರಿಂದ ಗುಣಿಸಿದರೆ 587102. ಒಂದೇ ಒಂದರಿಂದ ತಪ್ಪಿತು. ಇಂಥ ಕಡೆ ಎದೆ ಧಸಕ್ಕೆನ್ನುತ್ತದೆ. 19 ಮತ್ತು 103ಕ್ಕೆ ಶೇಷ 1. ಇದು ಸುಮ್ನೆ ಬಂದದ್ದಲ್ಲ, ನೆನಪಿಟ್ಟುಕೊಳ್ಳಿ. ನಮ್ಮ ಸಂಖ್ಯೆಗಿಂತ ಒಂದು ಕಡಿಮೆ ಇರುವ 587100 ಪೂರ್ತಿ ಒಡೆಯುತ್ತದೆ: 4 × 3 × 25 × 19 × 103.

761 ದಾಟಿದಿರಾ? ಹಾಗಾದರೆ ಸಿದ್ಧವಾಯಿತು. 587101 ಅವಿಭಾಜ್ಯ. ಇದರಲ್ಲಿ ಊಹೆ ಇಲ್ಲ, "ಬಹುಶಃ" ಎಂಬ ಮಾತೂ ಇಲ್ಲ. ಇದಕ್ಕಿಂತ ಗಟ್ಟಿ ಸಾಬೀತು ಬೇಕಿಲ್ಲ.

ಆದರೆ 129 ಭಾಗಾಕಾರದಲ್ಲಿ ಒಂದು ಕಡೆ ಬೆರಳು ಜಾರಿದ್ದರೆ? ಅದಕ್ಕೇ ಮುಂದಿನ ಹಂತ. ನನ್ನನ್ನು ಕೇಳಿದರೆ ಇಡೀ ಲೆಕ್ಕದ ರುಚಿ ಇರುವುದು ಅಲ್ಲೇ.

ಹಂತ 4: ಫರ್ಮಾನ ಪರೀಕ್ಷೆ

ಫ್ರಾನ್ಸಿನ ಪಿಯರ್ ಡಿ ಫರ್ಮಾ 1640ರಲ್ಲಿ ಒಂದು ಪತ್ರದಲ್ಲಿ ಈ ಮಾತು ಬರೆದ. ಒಂದು ಅವಿಭಾಜ್ಯ ಸಂಖ್ಯೆ ತೆಗೆದುಕೊಳ್ಳಿ, 2 ಬಿಟ್ಟು ಯಾವುದಾದರೂ ಸರಿ. 1ರಿಂದ ಶುರು ಮಾಡಿ, ಅದಕ್ಕಿಂತ ಒಂದು ಕಡಿಮೆ ಸಲ 2ರಿಂದ ಗುಣಿಸುತ್ತಾ ಹೋಗಿ. ಬಂದದ್ದನ್ನು ಆ ಅವಿಭಾಜ್ಯದಿಂದ ಭಾಗಿಸಿದರೆ ಶೇಷ ಯಾವಾಗಲೂ 1. 7ಕ್ಕೆ ನೋಡಿ: 2ರ 6ನೇ ಘಾತ 64, ಅಂದರೆ 63 + 1. 11ಕ್ಕೆ ನೋಡಿ: 2ರ 10ನೇ ಘಾತ 1024, ಅಂದರೆ 93 × 11 + 1.

ಯಾಕೆ ಹೀಗೆ? ಮಣಿಸರ ನೆನಪು ಮಾಡಿಕೊಳ್ಳಿ. ಕೆಂಪು ಮತ್ತು ಹಸಿರು, ಎರಡು ಬಣ್ಣದ ಮಣಿ. ಏಳು ಮಣಿಗಳನ್ನು ಸಾಲಾಗಿ ಜೋಡಿಸುವ ರೀತಿ ಒಟ್ಟು 128. ಪೂರ್ತಿ ಕೆಂಪು, ಪೂರ್ತಿ ಹಸಿರು ಎರಡನ್ನು ಬಿಟ್ಟರೆ 126. ಈ ಒಂದೊಂದು ಸಾಲನ್ನೂ ದುಂಡಗೆ ಕಟ್ಟಿ ತಿರುಗಿಸಿದರೆ ಏಳು ಬೇರೆ ಬೇರೆ ಸಾಲು ಸಿಗುತ್ತವೆ. 7 ಒಡೆಯದ ಸಂಖ್ಯೆಯಾದ್ದರಿಂದ ನಡುವೆ ಎಲ್ಲೂ ಅದೇ ಸಾಲು ಮರಳಿ ಬರುವುದಿಲ್ಲ. ಆದ್ದರಿಂದ 126 ಏಳೇಳರ ಗುಂಪಾಗಿ ಸರಿಯಾಗಿ ಹಂಚಿಹೋಗುತ್ತದೆ, 18 ಗುಂಪು. 126ರ ಅರ್ಧ 63 ಕೂಡ 7ರಿಂದ ಭಾಗ ಹೋಗುತ್ತದೆ, ಅದಕ್ಕೇ 64ಕ್ಕೆ 1 ಉಳಿಯುತ್ತದೆ. ಇದೇ ಫರ್ಮಾನ ಮಾತು, ಮಣಿ ಹಾಕಿಕೊಂಡು ಬಂದಿದೆ ಅಷ್ಟೇ.

ನಮಗೆ ಬೇಕಾದದ್ದು 2ರ 587100ನೇ ಘಾತ. ಅದನ್ನು ಬರೆಯಲು ಹೋದರೆ ಒಂದೂಮುಕ್ಕಾಲು ಲಕ್ಷ ಅಂಕಿ. ಬರೆಯುವುದು ಬೇಡ. ನಮಗೆ ಶೇಷ ಮಾತ್ರ ಸಾಕು. ಪ್ರತಿ ಹೆಜ್ಜೆಯಲ್ಲೂ ಶೇಷ ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತಾ ಹೋಗಬಹುದು.

ಮೊದಲು 587100 ಅನ್ನು ಅರ್ಧ ಮಾಡುತ್ತಾ ಕೆಳಗಿಳಿಯಿರಿ. ಬೆಸ ಬಂದರೆ ಒಂದು ಬಿಟ್ಟು ಅರ್ಧ ಮಾಡಿ: 587100, 293550, 146775, 73387, 36693, 18346, 9173, 4586, 2293, 1146, 573, 286, 143, 71, 35, 17. ಇಲ್ಲಿ ನಿಲ್ಲಿ. 2ರ 17ನೇ ಘಾತ 131072. ಅದು ನಮ್ಮ ಸಂಖ್ಯೆಗಿಂತ ಚಿಕ್ಕದು, ಹಾಗೇ ಇಟ್ಟುಕೊಳ್ಳಬಹುದು.

ಈಗ ಅದೇ ಮೆಟ್ಟಿಲನ್ನು ಮೇಲೆ ಹತ್ತಬೇಕು. ನಿಯಮ ಎರಡೇ. ಮುಂದಿನ ಸಂಖ್ಯೆ ಈಗಿನದರ ಸರಿಯಾದ ಎರಡರಷ್ಟಿದ್ದರೆ ಶೇಷವನ್ನು ವರ್ಗ ಮಾಡಿ, 587101ರಿಂದ ಭಾಗಿಸಿ, ಹೊಸ ಶೇಷ ತೆಗೆಯಿರಿ. ಎರಡರಷ್ಟರ ಮೇಲೆ ಒಂದು ಇದ್ದರೆ, ಹಾಗೇ ಮಾಡಿ ಕೊನೆಗೆ 2ರಿಂದ ಗುಣಿಸಿ.

17ರಿಂದ 35ಕ್ಕೆ ಹೋಗುವುದನ್ನು ಬಿಡಿಸಿ ತೋರಿಸುತ್ತೇನೆ. 131072ರ ವರ್ಗ 17179869184. 587101ರಿಂದ ಭಾಗಿಸಿದರೆ ಭಾಗಲಬ್ಧ 29262, ಶೇಷ 119722. 35 ಎಂದರೆ 17ರ ಎರಡರಷ್ಟು ಮತ್ತು ಒಂದು. ಆದ್ದರಿಂದ 2ರಿಂದ ಗುಣಿಸಿ: 239444.

ಒಂದು ಕಿವಿಮಾತು. ಶೇಷ 293550ನ್ನು ದಾಟಿದರೆ ಅದನ್ನು 587101ರಲ್ಲಿ ಕಳೆದು ಸಾಲ ಅಂತ ಬರೆದುಕೊಳ್ಳಿ. 415470 ಬಂದರೆ 171631 ಸಾಲ. ಸಾಲದ ವರ್ಗ ಜಮೆಯೇ ಆಗುತ್ತದೆ, ನಿಜ ಜೀವನದಲ್ಲಿ ಆಗದಿದ್ದರೂ ಇಲ್ಲಿ ಆಗುತ್ತದೆ. ಹೀಗೆ ಮಾಡಿದರೆ ಯಾವ ವರ್ಗವೂ 11 ಅಂಕಿ ದಾಟುವುದಿಲ್ಲ. ಅಂಗಡಿ ಕ್ಯಾಲ್ಕುಲೇಟರಿಗೆ ಆರಾಮ.

ನಿಮ್ಮ ಲೆಕ್ಕ ತಾಳೆ ನೋಡಲು ನನ್ನ ಪುಟ ಇಲ್ಲಿದೆ:

17: 131072
35: 239444
71: 161962
143: 33528
286: 171631 ಸಾಲ
573: 10826 ಸಾಲ
1146: 217924 ಸಾಲ
2293: 47329 ಸಾಲ
4586: 243926
9173: 285262
18346: 138360 ಸಾಲ
36693: 225414 ಸಾಲ
73387: 130601 ಸಾಲ
146775: 261203 ಸಾಲ

ಕೊನೆಯದಕ್ಕೆ ಹಿಂದಿನ ಮೆಟ್ಟಿಲು. 261203ರ ವರ್ಗ 68227007209. 587101 × 116210 ಮಾಡಿ ನೋಡಿ: 68227007210. ಒಂದೇ ಒಂದು ಕಡಿಮೆ! ಅಂದರೆ 293550ನೇ ಘಾತಕ್ಕೆ ಶೇಷ 1 ಸಾಲ. ಅದರ ವರ್ಗ 1. 587100ನೇ ಘಾತಕ್ಕೆ ಶೇಷ 1. ಫರ್ಮಾ ಹೇಳಿದ್ದು ಬಂತು.

ಮೊದಲ ಸಲ ಇದು ಬಂದಾಗ ರಾತ್ರಿ ಹತ್ತು ದಾಟಿತ್ತು. ಮನೆಯವರೆಲ್ಲ ಮಲಗಿದ್ದರು, ಹೇಳಲು ಯಾರೂ ಇರಲಿಲ್ಲ. ಹದಿನಾಲ್ಕು ಮೆಟ್ಟಿಲು ಯಾವ ತಾಳವೂ ಇಲ್ಲದ ಅಂಕಿಗಳು, ಆಮೇಲೆ ಒಮ್ಮೆಲೇ 1. ನಡುವೆ ಎಲ್ಲಾದರೂ ಒಂದು ಅಂಕಿ ತಪ್ಪಿದ್ದರೆ ಇದು ಬರುತ್ತಿರಲಿಲ್ಲ.

ಪ್ರತಿ ಗುಣಾಕಾರವನ್ನೂ ಒಂಬತ್ತರ ತಾಳೆಯಿಂದ ನೋಡಿಕೊಳ್ಳುವುದು ಒಳ್ಳೆಯದು. 261203ರ ಅಂಕಿ ಕೂಡಿಸಿದರೆ 14, ಮತ್ತೆ ಕೂಡಿಸಿದರೆ 5. ಐದರ ವರ್ಗ 25, ಅಂದರೆ 7. ಉತ್ತರದ ಅಂಕಿಗಳ ಮೊತ್ತ 43, ಅದೂ 7. ತಾಳೆ ಆಯಿತು.

ಈ ಪರೀಕ್ಷೆ ಒಂದೇ ನಂಬಿ ಕೂರಬೇಡಿ. 341 ಅನ್ನುವ ಸಂಖ್ಯೆ ಇದರಲ್ಲಿ ಪಾಸಾಗುತ್ತದೆ, ಆದರೆ ಅದು 11 × 31. ಫೇಲಾದ ಬೆಸ ಸಂಖ್ಯೆ ಖಂಡಿತ ಅವಿಭಾಜ್ಯವಲ್ಲ. ಪಾಸಾದದ್ದು ಬಹುಮಟ್ಟಿಗೆ ಅವಿಭಾಜ್ಯ, ಅಷ್ಟೇ. ನಾವು ಭಾಗಾಕಾರವನ್ನೂ ಮಾಡಿದ್ದೇವೆ, ಇದನ್ನೂ ಮಾಡಿದ್ದೇವೆ. ಎರಡೂ ಒಂದೇ ಮಾತು ಹೇಳಿದವು.

ಹಂತ 5: ಎರಡು ವರ್ಗಗಳಾಗಿ ಬಿಡಿಸಿ

ಒಡೆಯದ ಸಂಖ್ಯೆಯನ್ನು ಗುಣಾಕಾರದಲ್ಲಿ ಬಿಡಿಸಲು ಬರುವುದಿಲ್ಲ. ಆದರೆ ಕೂಡುವಿಕೆಯಲ್ಲಿ ಬಿಡಿಸಬಹುದು. 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯ ಯಾವುದೇ ಇರಲಿ, ಅದು ಎರಡು ವರ್ಗಗಳ ಮೊತ್ತ ಆಗಿಯೇ ಆಗುತ್ತದೆ. ಅದೂ ಒಂದೇ ರೀತಿಯಲ್ಲಿ. 13 ಎಂದರೆ 9 + 4. 29 ಎಂದರೆ 25 + 4. ಇದನ್ನು ಹೇಳಿದವನೂ ಫರ್ಮಾನೇ. ಸಾಧಿಸಿ ತೋರಿಸಿದವನು 18ನೇ ಶತಮಾನದ ಆಯ್ಲರ್. ಎರಡು ರೀತಿಯಲ್ಲಿ ಬಿಡಿಸಲು ಬಂದರೆ ಸಂಖ್ಯೆ ಒಡೆಯುತ್ತದೆ ಎಂದೇ ಅರ್ಥ. 65 ನೋಡಿ: 64 + 1, ಮತ್ತು 49 + 16. ಅದು 5 × 13.

587101ರ ಕೊನೆಯ ಎರಡಂಕಿ 01. ಹಾಗಾಗಿ 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ವರ್ಗಗಳು ಇರಲೇಬೇಕು. ಹುಡುಕುವುದು ಹೇಗೆ? 766 ಸಲ ಪ್ರಯತ್ನ ಮಾಡಬಹುದು. ಬೇಡ. ಹಂತ 4ರಲ್ಲಿ ನಮಗೆ ಒಂದು ಕೀಲಿಕೈ ಸಿಕ್ಕಿದೆ. 261203ರ ವರ್ಗಕ್ಕೆ 1 ಕೂಡಿಸಿದರೆ 587101ರಿಂದ ಭಾಗ ಹೋಗುತ್ತದೆ ಅಂತ ಕಂಡೆವು. ಆ ಸಂಖ್ಯೆಯಿಂದ ಶುರು ಮಾಡಿ.

587101 ಅನ್ನು 261203ರಿಂದ ಭಾಗಿಸಿ, ಶೇಷ 64695. ಈಗ 261203 ಅನ್ನು 64695ರಿಂದ ಭಾಗಿಸಿ, ಶೇಷ 2423. ಹೀಗೇ ದೊಡ್ಡದನ್ನು ಚಿಕ್ಕದರಿಂದ ಭಾಗಿಸುತ್ತಾ ಹೋಗಿ: 1697, ಆಮೇಲೆ 726, ಆಮೇಲೆ 245. ಶೇಷ 766ರ ಕೆಳಗಿಳಿದ ಮೊದಲ ಸಲ ನಿಲ್ಲಿ. ಅದು 726. ಅದರ ಮುಂದಿನದು 245. ಇವೆರಡೇ ಉತ್ತರ.

726ರ ವರ್ಗ 527076. 245ರ ವರ್ಗ 60025. ಕೂಡಿಸಿ: 587101.

ಹೀಗೆ ಮತ್ತೆ ಮತ್ತೆ ಭಾಗಿಸಿ ಕೆಳಗಿಳಿಯುವುದು ನಮ್ಮವರಿಗೆ ಹೊಸದಲ್ಲ. ಭಾಸ್ಕರಾಚಾರ್ಯರು 12ನೇ ಶತಮಾನದಲ್ಲಿ ವಿವರಿಸಿದ ಕುಟ್ಟಕದ ಕೆಲಸವೂ ಇದೇ ಬಗೆಯದು. ಕುಟ್ಟಿ ಕುಟ್ಟಿ ಪುಡಿ ಮಾಡುವುದು. ಅವರು ತಮ್ಮ ಊರನ್ನು ವಿಜ್ಜಡವಿಡ ಎಂದು ಕರೆದುಕೊಂಡಿದ್ದಾರೆ. ಅದು ವಿಜಯಪುರವೇ ಎಂದು ಕೆಲವರು, ಅಲ್ಲ, ಮಹಾರಾಷ್ಟ್ರದ ಕಡೆಯದು ಎಂದು ಕೆಲವರು. ಆ ಜಗಳಕ್ಕೆ ನಾನು ಹೋಗುವುದಿಲ್ಲ. ವಿಜಯಪುರದ ಗೆಳೆಯರ ಮುಂದಂತೂ ಬಾಯಿ ಬಿಡುವುದಿಲ್ಲ.

ಇದಕ್ಕೆ ಹೊಲದ ಚಿತ್ರ ಒಂದಿದೆ. 726 ಅಡಿ ಉದ್ದ, 245 ಅಡಿ ಅಗಲದ ಜೋಳದ ಹೊಲ ಇದೆ ಅಂದುಕೊಳ್ಳಿ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ. ಲೆಕ್ಕ ಹಾಕಿದರೆ ನಾಲ್ಕು ಎಕರೆ ಮೂರು ಗುಂಟೆ, ಮೇಲೆ ಸ್ವಲ್ಪ. ಆ ಹೊಲದ ಒಂದು ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿದರೆ 766 ಅಡಿಗಿಂತ ಚೂರು ಜಾಸ್ತಿ. ಹಂತ 2ರಲ್ಲಿ ನಾವು ನಿಂತ ಅದೇ 766. ಹಗ್ಗದ ಉದ್ದದ ವರ್ಗ ಬಾಗಲಕೋಟೆಯ ಪಿನ್‌ಕೋಡ್.

ಹಂತ 6: ಇನ್ನೂ ದೊಡ್ಡದಕ್ಕೆ ಹೋಗುವುದಾದರೆ

10 ಲಕ್ಷದೊಳಗೆ 78,498 ಅವಿಭಾಜ್ಯಗಳಿವೆ. ನಮ್ಮ ಪಿನ್‌ಕೋಡಿನ ಆಸುಪಾಸಿನಲ್ಲಿ ಸರಾಸರಿ 13 ಸಂಖ್ಯೆಗೆ ಒಂದು. ಮೇಲೆ ಹೋದಂತೆ ವಿರಳ ಆಗುತ್ತವೆ, ಆದರೆ ಎಂದೂ ಮುಗಿಯುವುದಿಲ್ಲ. ಹತ್ತಂಕಿಗೆ ಹೋದರೆ ಭಾಗಾಕಾರ ಸಾವಿರಾರು ಆಗುತ್ತದೆ. ಅಲ್ಲಿ ಸಂಖ್ಯೆಯ ಆಕಾರ ನೋಡಿ ಆರಿಸಿಕೊಳ್ಳಬೇಕು.

ಜನಪ್ರಿಯವಾದ ಆಕಾರ ಎಂದರೆ 2ರ ಯಾವುದೋ ಘಾತದಲ್ಲಿ ಒಂದು ಕಡಿಮೆ. 3, 7, 31, 127 ಹೀಗೆ. 17ನೇ ಶತಮಾನದ ಫ್ರೆಂಚ್ ಪಾದ್ರಿ ಮರ್ಸೆನ್ ಹೆಸರಿನಿಂದ ಇವನ್ನು ಕರೆಯುತ್ತಾರೆ. 2ರ 31ನೇ ಘಾತದಲ್ಲಿ ಒಂದು ಕಳೆದರೆ 2147483647. ಇದು ಅವಿಭಾಜ್ಯ ಎಂದು ಆಯ್ಲರ್ 1772ರಲ್ಲಿ ತೋರಿಸಿದ. ಅವನ ಜಾಣತನ ನೋಡಿ: ಇದಕ್ಕೆ ಯಾವುದಾದರೂ ಅವಿಭಾಜ್ಯ ಭಾಜಕ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯಲೇಬೇಕು. ವರ್ಗಮೂಲ 46340ರ ಹತ್ತಿರ. ಆ ಮಿತಿಯೊಳಗೆ ಅಂಥ ಸಂಖ್ಯೆಗಳು 370 ಚಿಲ್ಲರೆ ಮಾತ್ರ. ನಾವು ಪಿನ್‌ಕೋಡಿಗೆ ಪಟ್ಟ ಪಾಡಿನ ಮೂರು ಪಟ್ಟಿಗೂ ಕಡಿಮೆ.

ಈ ಆಕಾರದ ಸಂಖ್ಯೆಗಳಿಗೆ ಭಾಜಕ ಹುಡುಕುವ ಕೆಲಸವೇ ಇಲ್ಲದ ಪರೀಕ್ಷೆಯೂ ಇದೆ. ಲ್ಯೂಕಾ ಮತ್ತು ಲೆಹ್ಮರ್ ಎಂಬಿಬ್ಬರ ಹೆಸರಿನದು. 127ರ ಮೇಲೆ ಮಾಡಿ ನೋಡಿ, ಅದು 2ರ 7ನೇ ಘಾತದಲ್ಲಿ ಒಂದು ಕಡಿಮೆ. 4ರಿಂದ ಶುರು. ವರ್ಗ ಮಾಡಿ, 2 ಕಳೆಯಿರಿ, 127ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. 7ಕ್ಕಿಂತ ಎರಡು ಕಡಿಮೆ, ಅಂದರೆ ಐದು ಸಲ. 4ರಿಂದ 14. ಅಲ್ಲಿಂದ 194, ಶೇಷ 67. ಆಮೇಲೆ 42. ಆಮೇಲೆ 111. ಐದನೆಯ ಸಲ 111ರ ವರ್ಗದಲ್ಲಿ 2 ಕಳೆದರೆ 12319, ಅದು ಸರಿಯಾಗಿ 127 × 97. ಶೇಷ ಸೊನ್ನೆ. ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಇಲ್ಲಿ "ಬಹುಶಃ" ಇಲ್ಲ.

2024ರ ಅಕ್ಟೋಬರ್‌ನಲ್ಲಿ ಆಗಿನವರೆಗಿನ ಅತಿ ದೊಡ್ಡ ಅವಿಭಾಜ್ಯವನ್ನು ಪ್ರಕಟಿಸಿದರು. ಅದೂ ಇದೇ ಆಕಾರದ್ದು: 2ರ 136279841ನೇ ಘಾತದಲ್ಲಿ ಒಂದು ಕಡಿಮೆ. ಅದರಲ್ಲಿ 4,10,24,320 ಅಂಕಿಗಳಿವೆ. ಪುಟಕ್ಕೆ 3000 ಅಂಕಿಯಂತೆ ಅಚ್ಚು ಹಾಕಿದರೂ 13,600 ಪುಟ ಮೀರುತ್ತದೆ. ಇಷ್ಟಾದರೂ ಅದರ ಎರಡು ವಿಷಯ ನೀವೇ ಕಂಡುಹಿಡಿಯಬಹುದು.

ಅಂಕಿಗಳ ಎಣಿಕೆ: 136279841 ಅನ್ನು 2ರ ಲಾಗರಿದಮ್‌ನಿಂದ ಗುಣಿಸಿ, ಬಿಂದುವಿನ ಹಿಂದಿನದಕ್ಕೆ 1 ಕೂಡಿಸಿ. ಶಾಲೆಯಲ್ಲಿ ಕಲಿತ 0.30103 ಹಾಕಬೇಡಿ. ನಾನು ಹಾಕಿದೆ, ಒಂದು ಅಂಕಿ ಜಾಸ್ತಿ ಬಂತು. 0.3010299957 ಹಾಕಿದರೆ 41024319.95 ಬರುತ್ತದೆ. ಅಷ್ಟು ಅಂಚಿನಲ್ಲಿದೆ ಅದು.

ಕೊನೆಯ ಎರಡಂಕಿ: 2ರ ಘಾತಗಳ ಕೊನೆಯ ಎರಡಂಕಿಗಳು, 4ರಿಂದ ಆಚೆಗೆ, ಪ್ರತಿ 20 ಮೆಟ್ಟಿಲಿಗೆ ಮರಳಿ ಬರುತ್ತವೆ. 136279841 ಅನ್ನು 20ರಿಂದ ಭಾಗಿಸಿದರೆ 1 ಉಳಿಯುತ್ತದೆ. ಹಾಗಾಗಿ 2ರ 21ನೇ ಘಾತ ನೋಡಿದರೆ ಸಾಕು: 2097152. ಕೊನೆಗೆ 52. ಒಂದು ಕಳೆದರೆ 51. ನಾಲ್ಕು ಕೋಟಿ ಅಂಕಿಯ ಸಂಖ್ಯೆಯ ಬಾಲ ಕೈಗೆ ಸಿಕ್ಕಿತು.

ಶೇಷದ ಪಟ್ಟಿ ಎಸೆಯಬೇಡಿ ಅಂದಿದ್ದೆ

ಬಾದಾಮಿಯ ಪಿನ್‌ಕೋಡ್ 587201. ಬಾಗಲಕೋಟೆಯದಕ್ಕಿಂತ ಸರಿಯಾಗಿ 100 ಜಾಸ್ತಿ. ಹಂತ 3ರ ಪಟ್ಟಿ ನಿಮ್ಮ ಹತ್ತಿರ ಇದ್ದರೆ 129 ಭಾಗಾಕಾರ ಮತ್ತೆ ಮಾಡುವ ಅಗತ್ಯ ಇಲ್ಲ. ಪ್ರತಿ ಶೇಷಕ್ಕೂ 100 ಕೂಡಿಸಿ, ಅದು ಆ ಅವಿಭಾಜ್ಯದಿಂದ ಭಾಗ ಹೋಗುತ್ತದಾ ನೋಡಿ. 23ಕ್ಕೆ ಶೇಷ 3 ಇತ್ತು. ಈಗ 103. 23ರಿಂದ ಹೋಗುವುದಿಲ್ಲ. 37ಕ್ಕೆ 22 ಇತ್ತು, ಈಗ 122. ಅದೂ ಇಲ್ಲ. ಮಿತಿ ಅದೇ 766, ಏಕೆಂದರೆ 767ರ ವರ್ಗವನ್ನು ಇದೂ ಮುಟ್ಟುವುದಿಲ್ಲ. 7, 11, 13ಕ್ಕೆ 587ರಲ್ಲಿ 201 ಕಳೆದು ಶುರು ಮಾಡಿ.

ಅಣ್ಣನ ಮಗಳು ಇದನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದಳು. 367ರ ಹತ್ತಿರ ಬಂದಾಗ "ಹೋತು, ಹೋತು!" ಎಂದು ಕೂಗಿದಳು. ಶೇಷ 268 ಇತ್ತು, 100 ಕೂಡಿಸಿದರೆ 368. ಒಂದು ಹೆಚ್ಚಾಗಿ ಅದೂ ತಪ್ಪಿತು. ಬಾದಾಮಿಯದೂ ಅವಿಭಾಜ್ಯ. ಅದನ್ನು ಫರ್ಮಾನ ಪರೀಕ್ಷೆಗೆ ಹಾಕಿದರೆ 146800ನೇ ಘಾತದಲ್ಲೇ 1 ಸಾಲ ಸಿಗುತ್ತದೆ. ಅದಕ್ಕೆ ಹಿಂದಿನ ಮೆಟ್ಟಿಲಿನ 94428 ಹಿಡಿದು ಹಂತ 5ರ ಹಾಗೆ ಇಳಿಯಿರಿ. ಬರಬೇಕಾದ ಜೋಡಿ 740 ಮತ್ತು 199.